ಯಲ್ಲಾರಿಯ ಮನಸ್ಸಿನ ಬೈಠಕ್

ಖಂಡೆಪ್ಪ: ಏಳೋ! ನಾಕ ಸಲ ಕುಂತೆದ್ದ ಬೈಠಕ್ಕಿಗೇ ಮಣ್ಣಾಗ ಕುಂತ್ಯಲ್ಲೋ! ಸೋಮವಾರ ಗೋಕಾಕದಾಗ ಕುಸ್ತಿ ಐತಿ, ಮಾಮಲೇದಾರ್ರು ನೋಡಾಕ ಬರ್ತಾರ. ಕುಲಗೋಡದ ಪೈಲವಾನ ನಿನ್ನ ಎತ್ತಿ ಒಗದ್ರ ನಾ ಊರಾಗ ಮಾರಿ ಹೆಂಗ ತೋರಿಸ್ಲಿ?

ಯಲ್ಲಾರಿ: ಕಾಲ ಏಳವಲ್ಲವ್ರಿ ವಸ್ತಾದ್ರ.

ಖಂಡೆಪ್ಪ: ನಿನ್ನೆ ಓಣ್ಯಾಗ ಗೆಳ್ಯಾರ ಮುಂದ ದಣೀದಂಗ ಬೈಠಕ್ ಹೊಡೀತಿದ್ಯಲ್ಲ!

ಯಲ್ಲಾರಿ: ಅವು ನನ್ನ ಖುಷೀಲೆ ಹೊಡದವು. ಇವು ನಿಮ್ಮ ಹುಕುಂ. ನಿಮ್ಮ ದನಿ ಕೇಳಿದ ಕೂಡ್ಲೆ ಮೊಳಕಾಲಾಗಿನ ಜೀವಾನ ಹೋಗತೈತ್ರಿ.

ಕಲ್ಲೋಳಿಯ ಆ ಗರಡಿಮನೆಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಅವರ ಮಾತು ಒಳಗೆ ಬರಬಾರದೆಂದು ಮಾತ್ರ ಯಾರೂ ಕಟ್ಟಳೆ ಮಾಡಿರಲಿಲ್ಲ. ಕುಸ್ತಿ ಕಲಿಸುವ ವಸ್ತಾದ ಖಂಡೆಪ್ಪನ ಹೆಂಡತಿ ಸೀತವ್ವ ಪೈಲವಾನ ಯಲ್ಲಾರಿಗೆ ಹಾಲು ತಂದಿದ್ದಳು; ಹೊಸ್ತಿಲಾಚೆಯಿಂದಲೇ ಬಾಯಿ ಹಾಕಿದಳು.

ಸೀತವ್ವ: ತಮ್ಮಾ ಯಲ್ಲಾರಿ, ಮೊದಲ ದಂಡ ಹೊಡೀತೀಯೋ, ಬೈಠಕ್ ಹೊಡೀತೀಯೋ? ನಿನ್ನ ಮನಸ್ಸಿಗೆ ಬಂದಂಗ ಮಾಡಪಾ.

ಯಲ್ಲಾರಿ: (ಎದ್ದು ನಿಂತು) ಬೈಠಕ್, ಅವ್ವಾರ!

ಹೊಡೆದ, ಹೊಡೆದ, ಕೆಂಪು ಮಣ್ಣು ಬೆವರಿಗೆ ಕೆಸರಾಗುವವರೆಗೆ ಹೊಡೆದ. ಅದರ ಮೇಲೆ ಯಾರೂ ಕೇಳದಿದ್ದರೂ ದಂಡವನ್ನೂ ಹೊಡೆದ.

ಖಂಡೆಪ್ಪ: ಅಲ್ಲೋ ಮಗನ, ನಾ ಹೇಳಿದ್ದೂ ಇದ ಬೈಠಕ್ ಅಲ್ಲೇನೋ!

ಯಲ್ಲಾರಿ: ಅದು ನೀವು ಹೇಳಿದ್ದರಿ, ಇದು ನಾ ಆರಿಸಿದ್ದು. ಭಾಳ ಫರಕ ಐತಿ.

ವಸ್ತಾದನಿಗೂ ಉಮೇದು ಬಂತು. ಹೆಂಡತಿಗೆ ಬರುವ ವಿದ್ಯೆ ತನಗೆ ಬಾರದೇ? ದನಿಗೆ ಬೆಣ್ಣೆ ಹಚ್ಚಿದ.

ಖಂಡೆಪ್ಪ: ಯಲ್ಲಾರಿ, ಸೋಮವಾರ ಕುಸ್ತಿ ಹಿಡೀತೀಯೋ, ಬಿಡ್ತೀಯೋ? ನಿನ್ನ ಮನಸ್ಸಪಾ!

ಯಲ್ಲಾರಿ: (ವಿಚಾರ ಮಾಡಿ) ಬಿಡ್ತೀನ್ರಿ.

ಖಂಡೆಪ್ಪ: ಅಯ್ಯಯ್ಯೋ, ಸತ್ನೆಪೋ!

ಸೀತವ್ವ: (ಗಂಡನನ್ನು ಹೊಸ್ತಿಲಿಗೆ ಕರೆದು, ಮೆಲ್ಲಗೆ) ಎಂಥಾ ಮಂದಿ ನೀವು! ಯಾವದ ಆರಿಸಿದ್ರೂ ನಮ್ಮ ಕೆಲಸ ಆಗೂವಂಗ ಕೇಳಬೇಕ್ರಿ. ಸರೀರಿ ಅತ್ತ. (ಗಟ್ಟಿಯಾಗಿ) ತಮ್ಮಾ, ಕುಲಗೋಡದಾಂವನ್ನ ಎಡಕ್ಕ ಕೆಡವ್ತೀಯೋ, ಬಲಕ್ಕ ಕೆಡವ್ತೀಯೋ?

ಯಲ್ಲಾರಿ: (ತೊಡೆ ತಟ್ಟಿ) ಬಲಕ್ಕ! ಸೋಮವಾರ ಯಾವಾಗ ಬರತೈತ್ರಿ?

ಖಂಡೆಪ್ಪನ ಹೋದ ಜೀವ ಬಂತು. ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

ಖಂಡೆಪ್ಪ: ಏ ಇವಳ, ಈ ಪಟ್ಟು ಎಲ್ಲಿ ಕಲತಿ?

ಸೀತವ್ವ: ಲಗ್ನ ಆದಾಗಿಂದ ನಿಮ್ಮ ಮ್ಯಾಲ ಹಾಕಾಕತ್ತೇನಲ್ಲರಿ. ದಿನಾ ಮುಂಜಾನೆ ಕೇಳೂದಿಲ್ಲೇನು, ನೀರ ತರ್ತಿರೋ, ಎಮ್ಮಿ ಸಗಣಿ ಬಳೀತಿರೋ ಅಂತ?

ಖಂಡೆಪ್ಪ: (ಎದೆ ಉಬ್ಬಿಸಿ) ಹುಚ್ಚಿ! ಅದರಾಗ ನಿನ್ನ ಪಟ್ಟು ಏನೂ ಇಲ್ಲ. ನೀರ ನಾ ನನ್ನ ಮನಸ್ಸಿಲೇ ತರ್ತೀನಿ!