ಜೋಡಿಸಿಟ್ಟ ಚಪ್ಪಲಿ

ವೇದಾವತಿ ಚಪ್ಪಲಿಯನ್ನು ನೆಟ್ಟಗೆ ಜೋಡಿಸಿಟ್ಟದ್ದೇ ತಪ್ಪಾಯಿತು. ಒಂದನ್ನು ಅತ್ತ, ಒಂದನ್ನು ಇತ್ತ ಬಿಸುಟು ಹೋಗಿದ್ದರೆ ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ. ಮದಗದ ದಂಡೆಯಲ್ಲಿ ಚಪ್ಪಲಿ ಜೋಡಿಸಿ, ಅದರ ಮೇಲೆ ಕೈಚೀಲ ಇಟ್ಟು, ಚೀಲದೊಳಗೆ ಮೊಬೈಲು ಬಿಟ್ಟು ಹೋದ ಹೆಂಗಸು ತಿರುಗಿ ಬರುವವಳಲ್ಲ ಎಂಬುದು ಸಾಲಿಗ್ರಾಮದ ಸುತ್ತಿನಲ್ಲಿ ಎಲ್ಲರಿಗೂ ಗೊತ್ತು.

ಅವಳು ಹೋದದ್ದು ಹಕ್ಕಿ ನೋಡಲು. ಗದ್ದೆಗಳಿಗೆ ಮಳೆನೀರು ಹಿಡಿದಿಡುವ ಆ ಮದಗದ ಮೂಲೆಯಲ್ಲಿ ಆಳೆತ್ತರದ ಜೊಂಡು. ಅದರೊಳಗೆ ನೇರಳೆ ಬಣ್ಣದ ಒಂದು ನೀರುಕೋಳಿ ನಾಲ್ಕು ಮೊಟ್ಟೆಗಳ ಮೇಲೆ ಕೂತು ಇಂದಿಗೆ ಇಪ್ಪತ್ನಾಲ್ಕು ದಿನ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವೇದಾವತಿ ದಿನಕ್ಕೊಂದು ಚುಕ್ಕೆ ಇಡುತ್ತ ಬಂದಿದ್ದಳು. ಗ್ಯಾಸ್ ಸಿಲಿಂಡರು ಎಷ್ಟು ದಿನ ಬಂತೆಂದು ಬರೆಯುತ್ತಿದ್ದಾಳೆ ಎಂದು ಗಂಡ ಮಹಾಲಿಂಗ ಹೊಳ್ಳರು ಮೆಚ್ಚಿಕೊಂಡಿದ್ದರು. ಅವರು ದೇವಸ್ಥಾನದ ಬೆಳಗಿನ ಪೂಜೆಗೆ ಹೋಗಿ ಬರುವವರೆಗಿನ ಒಂದು ಗಂಟೆ ಮಾತ್ರ ಅವಳದು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಯಾರೂ ಬೇಕೆಂದು ಕೇಳದೆ ಬಿಟ್ಟಿದ್ದ ಒಂದೇ ಸೊತ್ತು ಅದು.

ಇಂದು ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಜೊಂಡಿನ ಮರೆಯಲ್ಲಿ, ನೀರಿನ ನಡುವಿನ ಕಲ್ಲೊಂದರ ಮೇಲೆ ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು ನೋಡುತ್ತಿದ್ದಾಗಲೇ ದಂಡೆಯಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ಗಂಗೊಳ್ಳಿಯ ಬಂಗುಡೆ ತುಂಬಿಕೊಂಡು ಸ್ಕೂಟರಿನಲ್ಲಿ ಹೋಗುತ್ತಿದ್ದ ಮೀನಿನ ಜಲಜ ನಿಂತು ಅದನ್ನು ಎತ್ತಿದಳು. ಅಂದು ಬೇಗ ಮನೆಗೆ ಬಂದಿದ್ದ ಹೊಳ್ಳರು ಚಾ ಪುಡಿ ಎಲ್ಲಿದೆ ಎಂದು ಕೇಳುತ್ತಿದ್ದರು.

"ಹ್ವಾಯ್ ಹೊಳ್ರೆ, ಚಾ ಪುಡಿ ಅತ್ಲಾಯ್ ಇರ್ಲಿ. ನಿಮ್ ಹೆಂಡ್ತಿ ಚಪ್ಲಿ ಇಲ್ಲಿತ್ತ್, ಹೆಂಡ್ತಿ ಇಲ್ಲೆ."

ವೇದಾವತಿ ಕೂಗಿ ಹೇಳಬಹುದಿತ್ತು. ಕೂಗಿದರೆ ಹಕ್ಕಿ ಏಳುತ್ತಿತ್ತು. ಅದು ಏಳುವುದನ್ನೇ ಕಾದು ಹೊನ್ನೆ ಮರದ ಮೇಲೆ ಎರಡು ಕಾಗೆಗಳು ಕೂತಿದ್ದವು. ಇನ್ನು ಎರಡೇ ನಿಮಿಷ, ಮರಿ ಹೊರಬರಲಿ ಎಂದುಕೊಂಡಳು. ಆ ಎರಡು ನಿಮಿಷದಲ್ಲಿ, ದೇವಸ್ಥಾನದ ಊಟಕ್ಕೆ ಕರೆದಷ್ಟೇ ಚುರುಕಾಗಿ, ಇಡೀ ಕೇರಿ ದಂಡೆಗೆ ಬಂದು ಸೇರಿತು.

"ಮೊನ್ನೆ ಅವ್ರ್ ಕೊಟ್ಟ ಹುಳಿಗೆ ಉಪ್ಪ್ ಹೆಚ್ಚಾಯ್ತ್ ಅಂದಿದ್ದೆ. ಅದನ್ನೇ ಮನ್ಸಿಗೆ ತಕಂಡ್ರಾ ಏನೋ," ಎಂದಳು ಪಕ್ಕದ ಮನೆಯ ಕುಸುಮ, ಮೂಗೊರೆಸಿಕೊಳ್ಳುತ್ತ.

"ಹುಳಿಗ್ ಯಾರಾರೂ ಸಾಯ್ತ್ರಾ? ಮನೇಲಿ ಎಂತಾರೂ ಮಾತಾಯ್ತಾ ಹೊಳ್ರೆ?" ಎಂದು ಜಲಜ ಕೇಳಿದಳು.

"ಮಾತಾ? ನಮ್ಮನೇಲಿ ಮಾತೇ ಇಲ್ಲೆ," ಎಂದರು ಹೊಳ್ಳರು. "ಅವ್ಳಿಗೆ ನೀರ್ ಕಂಡ್ರೇ ಹೆದ್ರಿಕೆ. ಹ್ಯಾಂಗ್ ಇಳಿದ್ಳೋ."

ವೇದಾವತಿ ಹತ್ತನೆಯ ವಯಸ್ಸಿಗೇ ತವರಿನ ಹೊಳೆಯನ್ನು ಈಜಿ ದಾಟಿದವಳು. ಜೊಂಡಿನೊಳಗೆ ಕೂತು ಕೇಳಿದಷ್ಟೂ, ಇವರು ಅಳುತ್ತಿರುವುದು ಬೇರೆ ಯಾರಿಗಾಗಿಯೋ ಇರಬೇಕು ಎನ್ನಿಸಿತು. ಬೆನ್ನುನೋವು ಅಂದರು, ಗ್ರಹಚಾರ ಅಂದರು, ಆ ವಯಸ್ಸೇ ಹಾಗೆ ಅಂದರು. ಅವಳಿಗೂ ಒಂದು ಇಷ್ಟ ಇದ್ದಿರಬಹುದೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಮೊಟ್ಟೆ ಒಡೆಯಿತು. ಇದ್ದಿಲ ಚೂರಿನಂಥ ಒದ್ದೆ ಮರಿಯೊಂದು ಹೊರಬಂದು ತಲೆ ಎತ್ತಿತು. ಎದ್ದು ಕುಣಿಯಬೇಕೆನಿಸಿದರೂ ವೇದಾವತಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಬಲೆ ಬೀಸುವ. ಜೊಂಡಿನೊಳ್ಗೇ ಸಿಕ್ಕಂಡಿರ್ಕ್," ಎಂದಿತು ಪಂಚಾಯತಿ ಸದಸ್ಯ ಜಿತೇಂದ್ರನ ದನಿ.

ಅವಳು ದಡಕ್ಕನೆ ಎದ್ದು ನಿಂತಳು. "ಬಲೆ ಬ್ಯಾಡ. ನಾನ್ ಇಲ್ಲಿದ್ದೆ."

ತಲೆಯ ತುಂಬ ಪಾಚಿ, ಸೊಂಟದವರೆಗೆ ಕೆಸರು. ಅವಳನ್ನು ಕಂಡು ಕುಸುಮ ನಿಂತಲ್ಲೇ ಕುಸಿದಳು. ಹೊಳ್ಳರು ಮಡಿಪಂಚೆಯಲ್ಲೇ ನೀರಿಗಿಳಿದು ಹೆಂಡತಿಯ ಕೈ ಹಿಡಿದರು. "ಎಂತಕ್ ಇಳ್ದದ್ದ್ ಮಾರಾಯ್ತಿ?"

"ಹಕ್ಕಿ ಕಾಂಬುಕೆ."

ವೇದಾವತಿ ತಲೆಯ ಪಾಚಿ ಕಿತ್ತು ಬಿಸುಟಳು.

"ದಡದಿಂದ ಕಾಂತಿಲ್ಲೆ. ಜೊಂಡ್ ಅಡ್ಡ ಬತ್ತ್. ಅದ್ಕೆ ಒಳಗ್ ಹೋಪುದ್. ನೀರ್‌ಕೋಳಿ ಇತ್ತ್."

"ಕೋಳಿ ಕಾಂಬುಕೆ ಇಷ್ಟ್ ಕಷ್ಟ ಎಂತಕೆ ವೇದಮ್ಮ? ನಮ್ಮನೆಗ್ ಬನ್ನಿ, ಹನ್ನೆರಡ್ ಇತ್ತ್," ಎಂದಳು ಜಲಜ.

ಗೂಡಿನ ವಿಷಯ ಮಾತ್ರ ವೇದಾವತಿ ಬಾಯಿ ಬಿಡಲಿಲ್ಲ. ಬಿಟ್ಟರೆ ಇಷ್ಟೂ ಜನ ಮೊಬೈಲು ಹಿಡಿದು ಒಳಗೆ ನುಗ್ಗುತ್ತಿದ್ದರು. ಕೇರಿಯವರ ನಡುವೆ, ಕಳ್ಳಿಯಂತೆ, ಮನೆಗೆ ನಡೆದಳು. ಹಿಂದಿರುಗಿ ನೋಡಿದಾಗ ಹಕ್ಕಿ ಮರಳಿ ಜೊಂಡಿನೊಳಗೆ ತೂರಿ ಹೋಗುವುದು ಕಂಡಿತು. ಅಷ್ಟು ಸಾಕಾಯಿತು.

ಮನೆಯಲ್ಲಿ ಕುಸುಮ ಕಾವಲಿಗೆ ಕೂತಳು. ಹಕ್ಕಿಯ ಮಾತನ್ನು ಅವಳು ನಂಬಿರಲಿಲ್ಲ. ಬಾವಿಯ ಹಗ್ಗ ಬಿಚ್ಚಿ ತನ್ನ ಮನೆಯಲ್ಲಿ ಇಟ್ಟು ಬಂದಳು. ಮೆಟ್ಟುಕತ್ತಿಯನ್ನೂ ಅಡಗಿಸಿದ್ದರಿಂದ ತರಕಾರಿ ಹೆಚ್ಚಲಾಗದೆ ಮಧ್ಯಾಹ್ನದ ಊಟ ಅವಳ ಮನೆಯಿಂದಲೇ ಬಂತು. ಹುಳಿಗೆ ಉಪ್ಪು ಹೆಚ್ಚಾಗಿತ್ತು. ವೇದಾವತಿ ಹೇಳಲಿಲ್ಲ. ಹೇಳಿದರೆ ಮನಸ್ಸಿಗೆ ಹಚ್ಚಿಕೊಂಡು ಇವಳೆಲ್ಲಿ ಮದಗದ ದಾರಿ ಹಿಡಿಯುತ್ತಾಳೋ.

ಹೊಳ್ಳರು ಊಟಕ್ಕೂ ಬರಲಿಲ್ಲ. ನಾಲ್ಕು ಗಂಟೆಗೆ ಬಂದರು. ಪಂಚೆಯ ತುಂಬ ಕೆಸರು, ಮುಖದಲ್ಲಿ ಒಂದು ಗುಟ್ಟು.

"ಬಾ, ಒಂದ್ ಕಡೆ ಹೋಪ."

ಸ್ಕೂಟರಿನಲ್ಲಿ ಹೋಗುವಾಗ ಅವರು ಮುಂದೆ ನೋಡುತ್ತಲೇ ಕೇಳಿದರು, "ಹಕ್ಕಿ ಅಂದ್ರೆ ನಿಂಗೆ ಇಷ್ಟ ಅಂದ್ ನಂಗೆ ಗೊತ್ತೇ ಇಲ್ದಿತ್ತ್. ಹೇಳುಕಾಗ್ದಾ?"

ನಿಂಗೆ ಇಷ್ಟ. ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ವೇದಾವತಿ ಒಂದಿಷ್ಟು ಮುಂದೆ ಸರಿದು ಕೂತಳು. ಇವರಿಗೊಬ್ಬರಿಗೆ ಗೂಡಿನ ವಿಷಯ ಹೇಳಬಹುದು, ನಾಳೆ ಬೆಳಿಗ್ಗೆ ಕೈಹಿಡಿದು ಕರೆದೊಯ್ದು ಮರಿಗಳನ್ನು ತೋರಿಸಬಹುದು ಎಂದುಕೊಂಡಳು. ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಸ್ಕೂಟರು ಮದಗದ ತಿರುವು ದಾಟಿತು.

ದಂಡೆಯಲ್ಲಿ ಜಿತೇಂದ್ರನ ಜೇಸಿಬಿ ನಿಂತಿತ್ತು. ಜೊಂಡು ಬೇರುಸಹಿತ ಮೇಲೆ ಬಂದು ಗುಡ್ಡೆ ಬಿದ್ದಿತ್ತು. ಅಲ್ಲಿಂದ ಆಚೆ ದಡದವರೆಗೆ ಒಂದು ಕಡ್ಡಿಯೂ ಅಡ್ಡ ಇಲ್ಲದ ಕೆಂಪು ನೀರು. ನೀರಿನ ಅಂಚಿನಲ್ಲಿ ದೇವಸ್ಥಾನದಿಂದ ತಂದ ಒಂದು ಪ್ಲಾಸ್ಟಿಕ್ ಕುರ್ಚಿ.

"ಜೊಂಡ್ ಅಡ್ಡ ಬತ್ತ್ ಅಂದಿದ್ಯಲೆ," ಹೊಳ್ಳರು ಕುರ್ಚಿಯನ್ನು ತಮ್ಮ ಶಲ್ಯದಿಂದ ಒರೆಸಿದರು. "ಕೂಕೊ. ಈಗ ಸಮಾ ಕಾಂತ್ತಾ?"

ಜೇಸಿಬಿ ಕೆದರಿದ ಕೆಸರಿನಲ್ಲಿ ಹುಳ ಹೆಕ್ಕಲು ಮೂವತ್ತು ನಲವತ್ತು ಬೆಳ್ಳಕ್ಕಿಗಳು ಇಳಿದಿದ್ದವು. "ಕಾಣಿ ವೇದಕ್ಕ, ಕ್ಲೀನ್ ಮಾಡಿದ್ದೇ ಎಷ್ಟ್ ಹಕ್ಕಿ ಬಂತ್," ಎಂದ ಜಿತೇಂದ್ರ. ಹೊನ್ನೆ ಮರದ ಮೇಲೆ ಕಾಗೆಗಳಿರಲಿಲ್ಲ. ಅವು ಜೊಂಡಿನ ಗುಡ್ಡೆಯ ಮೇಲೆ ಕೂತು ಏನನ್ನೋ ಕುಕ್ಕುತ್ತಿದ್ದವು.

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಹೊಳ್ಳರ ಕಣ್ಣು, ಹೊಸ ಸೀರೆ ತಂದುಕೊಟ್ಟು ಬಿಚ್ಚಿ ನೋಡೆಂದು ಕಾಯುವವರ ಕಣ್ಣಿನಂತಿತ್ತು.

"ಕಾಂತ್ತ್," ಎಂದಳು ವೇದಾವತಿ, ಕುರ್ಚಿಯಲ್ಲಿ ಕೂತು.

ಖಾಲಿ ಪೆಟ್ಟಿಗೆಯೊಂದಿಗೆ ವಾಪಸು ಹೊರಟಿದ್ದ ಜಲಜ ಸ್ಕೂಟರು ನಿಲ್ಲಿಸಿ ನಕ್ಕಳು. "ಹಾಂ, ಹೀಂಗ್ ಆಯ್ಕ್. ಇನ್ ನೀವ್ ಚಪ್ಲಿ ತೆಗೂದೇ ಬ್ಯಾಡ ವೇದಮ್ಮ."