ಮಲ್ಲಿಕಾರ್ಜುನಪ್ಪನವರು ಹುಳ ಹಿಡಿದದ್ದು

ಮಲ್ಲಿಕಾರ್ಜುನಪ್ಪನವರು ಸೊಳ್ಳೆ ನಿರ್ಮೂಲನ ವಿಭಾಗದಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಹೈದರಾಬಾದಿನ ಅರ್ಧ ಊರಿನ ನೀರಿನ ತೊಟ್ಟಿಗಳಲ್ಲಿ ಇಣುಕಿ ಬಂದ ಮೇಲೆ ಅವರಿಗೊಂದು ಸಿದ್ಧಾಂತ ಗಟ್ಟಿಯಾಗಿತ್ತು. ಯಾವ ಮನೆಯವರೂ ತಮ್ಮಲ್ಲಿ ಹುಳ ಇದೆಯೆಂದು ತಾವಾಗಿ ಒಪ್ಪುವುದಿಲ್ಲ; ಹೊರಗಿನವನು ಬಂದು ಬ್ಯಾಟರಿ ಬಿಟ್ಟು ತೋರಿಸಬೇಕು. ಈ ಸಿದ್ಧಾಂತವನ್ನು ಅವರು ನಿವೃತ್ತಿಯ ದಿನ ಹಾರದ ಜೊತೆಗೆ ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅದನ್ನು ಕಾಚಿಗೂಡದ ಮನೆಗೆ ತಂದು ಹೆಂಡತಿ ಶಾಮಲಾಳ ಕಂಪ್ಯೂಟರಿಗೆ ಅಂಟಿಸಿದರು.

ಆ ಕಂಪ್ಯೂಟರಿನಲ್ಲಿ ಶಾಮಲಾ ನಾಟಕ ಬರೆಯುತ್ತಿದ್ದಳು. ಕನ್ನಡ ಸಂಘದ ಮಹಿಳೆಯರು ರಾಜ್ಯೋತ್ಸವಕ್ಕೆ ಆಡುವ ನಾಟಕ, ಅವಳ ಮೊದಲನೆಯದು. ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಮಳೆಗಾಲವಿಡೀ ಬರೆದಿದ್ದಳು. ಕನ್ನಡ ಟೈಪು ಮಾಡುವ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟವನು ಅವಳ ತಮ್ಮ, ಸಿಕಂದರಾಬಾದಿನ ಅಂಬಾದಾಸ.

“ಇದಕ್ಕ ವೈರಸ್ ಬಂದ್ರ?” ಎಂದು ಇನ್‌ಸ್ಪೆಕ್ಟರು ಅವನನ್ನೇ ಕೇಳಿದ್ದರು.

“ಭಾವಾ, ಕಂಪ್ಯೂಟರಿನ ಒಳಗ ಅದನ್ನ ಮಾಡಿದವರೇ ಒಂದು ಕಾವಲು ಇಟ್ಟಿರ್ತಾರ. ತನ್ನ ಪಾಡಿಗೆ ಕೆಲಸ ಮಾಡ್ತೈತಿ, ಸದ್ದು ಮಾಡೂದಿಲ್ಲ. ಅಕ್ಕಗ ಅಷ್ಟು ಸಾಕ್ರಿ.”

“ಸದ್ದು ಮಾಡದಿದ್ರ ಕೆಲಸ ಮಾಡಾಕತ್ತೈತಿ ಅಂತ ಹೆಂಗ ತಿಳೀಬೇಕು? ನಮ್ಮ ಸೊಳ್ಳಿ ಹೊಗಿ ಬಿಡೂ ಗಾಡಿ ಬಂದ್ರ ಇಡೀ ಮೊಹಲ್ಲಾಕ್ಕ ಕೇಳ್ತಿತ್ತು.”

(ಆ ಸದ್ದು ಕೇಳಿದ ಕೂಡಲೇ ಸೊಳ್ಳೆಗಳು ಪಕ್ಕದ ಮೊಹಲ್ಲಾಕ್ಕೆ ಹೋಗಿ ಕೂರುತ್ತಿದ್ದವು ಎಂಬುದು ಇಲಾಖೆಯ ಒಳಗಿನ ಮಾತು.)

ಮರುದಿನವೇ ಅವರು ಅಂಗಡಿಗೆ ಹೋಗಿ ಹೊರಗಿನ ಆಂಟಿವೈರಸ್ಸಿನ ಒಂದು ಡಬ್ಬಿ ತಂದರು. ಶಾಮಲಾ ಡಬ್ಬಿ ನೋಡಿದಳು, ಗಂಡನ ಮುಖ ನೋಡಿದಳು, “ಆತ್ರಿ” ಎಂದಳು. ಹೊಸ ಆಂಟಿವೈರಸ್ಸು ಮಾತುಮಾತಿಗೆ ಟಣ್ ಎನ್ನುತ್ತ ಪರದೆಯ ಮೂಲೆಯಲ್ಲಿ ಪ್ರತ್ಯಕ್ಷವಾಗತೊಡಗಿತು. ಮಲ್ಲಿಕಾರ್ಜುನಪ್ಪನವರಿಗೆ ಹಳೆಯ ಸಹೋದ್ಯೋಗಿ ಮನೆಗೆ ಬಂದಷ್ಟು ಖುಷಿಯಾಯಿತು.

ಶನಿವಾರ ಸಂಜೆ ನಾಟಕದ ಮೊದಲ ತಾಲೀಮಿಗೆ ಸಂಘದ ಹೆಂಗಸರೆಲ್ಲ ಮನೆಯ ಪಡಸಾಲೆಯಲ್ಲಿ ಸೇರಿದ್ದರು. ಅಂಬಾದಾಸ ಅವರಿಗೆಂದು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದ. ಒಳಕೋಣೆಯಲ್ಲಿ ಟಣ್ ಎಂದಿತು, ಪರದೆ ಕೆಂಪಾಯಿತು. ನೀವು ಒತ್ತುವ ಅಕ್ಷರಗಳನ್ನೆಲ್ಲ ಯಾರೋ ಗಮನಿಸುತ್ತಿದ್ದಾರೆ, ಅನುಮಾನಾಸ್ಪದ ಎಂಬ ಎಚ್ಚರಿಕೆ. ಯಾರೆಂದು ನೋಡಿದರೆ, ಅಂಬಾದಾಸ ಹಾಕಿಕೊಟ್ಟಿದ್ದ ಅದೇ ಸಾಫ್ಟ್‌ವೇರು.

ಮೂವತ್ತು ವರ್ಷದ ಸೇವೆ ಮಲ್ಲಿಕಾರ್ಜುನಪ್ಪನವರೊಳಗೆ ಎದ್ದು ನಿಂತಿತು. ಅಂಬಾದಾಸ ಅಂದು ಬಿಟ್ಟುಹೋಗಿದ್ದ ಪೆನ್‌ಡ್ರೈವನ್ನು ಇಕ್ಕಳದಲ್ಲಿ ಹಿಡಿದುಕೊಂಡು ಪಡಸಾಲೆಗೆ ಬಂದರು.

“ನೋಡ್ರಿ, ರೋಗದ ಮೂಲ ಸಿಕ್ತು. ನಮ್ಮ ಮನಿಗೆ ಹುಳ ತಂದವ ಹೊರಗಿನವ ಅಲ್ಲ. ಇಲ್ಲೇ ಕುಂತು ಚಹಾ ಕುಡ್ಯಾಕತ್ತಾನ.”

ಹೆಂಗಸರು ಭಜಿ ಕೈಯಲ್ಲಿ ಹಿಡಿದು ಹಾಗೇ ಕೂತರು. ಅಂಬಾದಾಸನ ಮುಖ ಸಣ್ಣದಾಯಿತು. “ಭಾವಾ, ಅದು ಟೈಪಿಂಗಿಂದು” ಎಂದು ಶುರುಮಾಡಿದ. “ಎಲ್ಲಾ ಮನಿಯವರೂ ಹಿಂಗ ಅಂತಾರ” ಎಂದು ಇವರು ಬಾಯಿ ಮುಚ್ಚಿಸಿದರು. ಅವನು ಕಪ್ಪು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ. ಶಾಮಲಾ ಆ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಕಾರ್ಯಾಚರಣೆ ಮುಂದುವರಿಯಿತು. ಅಂಬಾದಾಸ ಹಾಕಿದ್ದನ್ನೆಲ್ಲ, ಕನ್ನಡ ಲಿಪಿಯ ಫಾಂಟು ಸಮೇತ, ಬೇರುಸಹಿತ ಕಿತ್ತರು. ಆಮೇಲೆ ನಾಟಕ ತೆರೆದರೆ ಅದರ ತುಂಬ ಇಂಗ್ಲಿಷ್ ಅಕ್ಷರಗಳು, ಒಂದರ ತಲೆಗೆ ಟೋಪಿ, ಇನ್ನೊಂದಕ್ಕೆ ಎರಡು ಚುಕ್ಕಿ, ಮತ್ತೊಂದಕ್ಕೆ ಬಾಲ. ಇಷ್ಟು ಮರಿಹುಳುಗಳನ್ನು ಅವರು ಯಾವ ತೊಟ್ಟಿಯಲ್ಲೂ ಕಂಡಿರಲಿಲ್ಲ. ಕೂಡಲೇ ನಾಟಕವನ್ನು ಅಳಿಸಿದರು, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು, ಕೈ ತೊಳೆದುಕೊಂಡು ಹೆಂಡತಿಗೆ ವರದಿ ಒಪ್ಪಿಸಿದರು.

ಶಾಮಲಾ ತಮ್ಮನಿಗೆ ಫೋನ್ ಹಚ್ಚಿ, ಗಂಡನಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

“ಅಕ್ಕಾ, ಅದು ರೋಗ ಅಲ್ಲ” ಎಂದ ಅಂಬಾದಾಸ. “ಫಾಂಟ್ ತೆಗೆದ್ರ ಕನ್ನಡ ಹಂಗೇ ಕಾಣತೈತಿ. ತಿರುಗಿ ಹಾಕಿದ್ರ ಸರಿ ಆಗ್ತಿತ್ತು. ಆ ಸಾಫ್ಟ್‌ವೇರ್ ನೀ ಒತ್ತಿದ ಅಕ್ಷರ ನೋಡಿನೇ ಕನ್ನಡ ಮಾಡ್ತೈತಿ. ಹೊರಗಿನ ಆಂಟಿವೈರಸ್‌ಗೆ ಅದು ಕಳ್ಳನಂಗ ಕಾಣಸ್ತೈತಿ, ಅಷ್ಟ.”

ಮಲ್ಲಿಕಾರ್ಜುನಪ್ಪನವರು ಕುರ್ಚಿಯಲ್ಲಿ ಕುಸಿದರು. ಸೇವೆಯಲ್ಲಿದ್ದಾಗ ಪ್ರಯೋಗಾಲಯದ ಉತ್ತರ ಬರುವ ಮುಂಚೆ ಯಾರ ಮನೆಗೂ ಅವರು ಹೆಸರಿಟ್ಟವರಲ್ಲ. ಅದೇ ಅವರ ಹೆಮ್ಮೆಯಾಗಿತ್ತು. ಈಗ ಹೆಂಡತಿಯ ತಮ್ಮನನ್ನೇ ನಾಲ್ಕು ಜನರೆದುರು ಇಕ್ಕಳದಲ್ಲಿ ಹಿಡಿದು ತೋರಿಸಿದ್ದರು. “ನಿನ್ನ ನಾಟಕ...” ಎಂದು ಶುರುಮಾಡಿದರು.

“ನಾಟಕದ ಮಾತು ಆಮ್ಯಾಲ” ಎಂದಳು ಶಾಮಲಾ. “ಮೊದಲ ಅವನ ಮನಿಗೆ ಹೋಗಿ ಬರ್ರಿ.”

ಹೋದರು. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಹೊಸ್ತಿಲಲ್ಲೇ ಕೈಕೊಟ್ಟವು. “ಅಂಬಾದಾಸ, ತಪ್ಪಾತಪಾ. ನಿನ್ನ ಮಾರಿ ನೋಡಾಕ ನಾಚಿಕಿ ಆಗತೈತಿ. ನಿಮ್ಮಕ್ಕನ ನಾಟಕನೂ ಕೊಂದು ಬಂದೀನಿ” ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತರು.

ಅಂಬಾದಾಸ ಒಳಗೆ ಕರೆದು ಕೂರಿಸಿ, ತನ್ನ ಕಂಪ್ಯೂಟರ್ ತೆರೆದ. ನಾಟಕ ಪೂರ್ತಿ ಅಲ್ಲಿತ್ತು, ಗುಂಡಗುಂಡಗಿನ ಕನ್ನಡದಲ್ಲಿ.

“ದಿನಾ ಬರ್ದಿದ್ದನ್ನ ಅಕ್ಕ ನನಗ ಮೇಲ್ ಮಾಡ್ತಿದ್ದಳ್ರಿ. ನೀವು ಆ ಡಬ್ಬಿ ತಂದ ದಿನದಿಂದ.”

“ವೈರಸ್‌ಗೆ ಅಂಜಿ?”

ಅಂಬಾದಾಸ ಭಾವನ ಮುಖ ನೋಡಿ ನಕ್ಕು, ಪ್ರಿಂಟರಿಗೆ ಕಾಗದ ಹಾಕಿದ.

ಸಂಜೆ ಇಬ್ಬರೂ ಪ್ರತಿಗಳನ್ನು ಹಿಡಿದು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಹೆಂಗಸರು ಕಾಯುತ್ತಿದ್ದರು. ಯಾರೂ ಕೇಳುವ ಮೊದಲೇ ಮಲ್ಲಿಕಾರ್ಜುನಪ್ಪನವರು ನಿನ್ನೆಯ ಜಾಗದಲ್ಲೇ ನಿಂತು ಪೆನ್‌ಡ್ರೈವನ್ನು ಬರಿಗೈಯಿಂದ ಅಂಬಾದಾಸನಿಗೆ ಕೊಟ್ಟು, “ಹುಳ ಇದರಾಗ ಇರಲಿಲ್ರಿ, ನನ್ನ ತಲ್ಯಾಗ ಇತ್ತು” ಎಂದರು. ಆಮೇಲೆ ಹೆಂಡತಿಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು.

“ನಾಟಕ ಉಳದೈತಿ ಅಂತ ನನಗ ಒಂದು ಮಾತು ಹೇಳಬಾರದಿತ್ತಾ?”

“ಒಳಗಿನ ಕಾವಲು ಸದ್ದು ಮಾಡೂದಿಲ್ರಿ” ಎಂದಳು ಶಾಮಲಾ, ಪ್ರತಿಗಳನ್ನು ಹಂಚುತ್ತ. “ಹೊರಗಿನವರಂಗ ಯಾಕ ನಿಂತೀರಿ? ನಾಟಕದಾಗ ನಿಮಗೂ ಒಂದು ಕೆಲಸ ಐತಿ. ಪರದೆ ಹಿಂದ ನಿಂತು ಹಗ್ಗ ಎಳೀರಿ. ಬಾಯಿ ಮಾತ್ರ ಬಿಡಬ್ಯಾಡ್ರಿ.”

ಅವರು ಬಾಯಿ ಬಿಡದೆ ತಲೆಯಾಡಿಸಿದರು. ಒಳಕೋಣೆಯಲ್ಲಿ ಮತ್ತೆ ಟಣ್ ಎಂದಿತು, ಎದ್ದು ನೋಡಲು ಯಾರೂ ಹೋಗಲಿಲ್ಲ.