ದುಃಖದಲ್ಲಿರುವವರೊಬ್ಬರ ಸಹಿ

ಅರವತ್ತಮೂರನೆಯ ವಯಸ್ಸಿನಲ್ಲಿ ಗ್ರೀಕ್ ಅಕ್ಷರ ತಿದ್ದುವವನನ್ನು ಕಂಡರೆ ಅರ್ಧ ಜನರಿಗೆ ಗೌರವ, ಉಳಿದ ಅರ್ಧಕ್ಕೆ ಅನುಮಾನ. ನನ್ನ ಹೆಂಡತಿ ಪ್ರೇಮಲತಾ ಎರಡನೆಯ ಗುಂಪಿನವಳು. ರೈಲ್ವೆಯಿಂದ ನಿವೃತ್ತನಾಗಿ ಬಂಗಾಳದ ಡಮ್ ಡಮ್‌ನ ಫ್ಲ್ಯಾಟಿನಲ್ಲಿ ಕೂತ ಮೇಲೆ ನಾನು ಅಂಚೆ ಮೂಲಕ ಕಲಿಸುವ ದೇವಶಾಸ್ತ್ರದ ಡಿಪ್ಲೊಮಾಕ್ಕೆ ಸೇರಿದೆ. ವಿಶ್ವಾಸಿಗೆ ನಿವೃತ್ತಿಯೇ ಇಲ್ಲ ಎಂದು ನಮ್ಮ ಬಂಗಾಳಿ ಪಾದ್ರಿಗಳು ಬೆನ್ನು ತಟ್ಟಿದರು. "ಕಲೀರಿ, ಕಲೀರಿ. ನಿಮಗ ಕಲಿಯೂದು ಭಾಳ ಐತಿ," ಎಂದಳು ಇವಳು.

ಈ ವರ್ಷದ ವಿಷಯ 'ದುಃಖಿತರಿಗೆ ಸಾಂತ್ವನ'. ಇಪ್ಪತ್ತು ಪುಟ ಬರೆದೆ. 'ಅತ್ಯುತ್ತಮ' ಎಂಬ ಷರಾ ಬಂತು. ಅದನ್ನು ಬರೆಯುವ ಅವಸರದಲ್ಲೇ, ಗದಗಿನಲ್ಲಿ ತೀರಿಕೊಂಡ ಇವಳ ತಮ್ಮ ಸಮುವೇಲನ ಮಣ್ಣು ಮುಗಿಸಿ ನಾಲ್ಕನೇ ದಿನಕ್ಕೆ ಇವಳನ್ನು ರೈಲು ಹತ್ತಿಸಿಕೊಂಡು ಬಂದಿದ್ದೆ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆಮೇಲೆ ಪ್ರಾಕ್ಟಿಕಲ್ ಬಂತು. ಹತ್ತಿರದವರನ್ನು ಕಳೆದುಕೊಂಡ ಒಬ್ಬರ ಪಕ್ಕದಲ್ಲಿ ಒಂದು ಗಂಟೆ ಕೂರಬೇಕು. ಉಪದೇಶ ಕೂಡದು, ಬೈಬಲ್ ವಚನ ಕೂಡದು, ಬಾಯಿಯೇ ತೆರೆಯಕೂಡದು. ಕೊನೆಗೆ ಫಾರಂ ಮೇಲೆ ಅವರ ಅಭಿಪ್ರಾಯ ಮತ್ತು ಸಹಿ. ಸರಿ, ಹುಡುಕಿಕೊಂಡು ಹೊರಟೆ. ಗರಿಯಾಹಾಟ್‌ನಲ್ಲಿ ಸೀರೆ ಅಂಗಡಿಯ ದತ್ತಾಬಾಬುವಿನ ತಾಯಿ ತೀರಿಹೋಗಿದ್ದರು. ಪೂಜೆ ಹಬ್ಬದ ವ್ಯಾಪಾರ ಮುಗಿಯಲಿ, ಆಮೇಲೆ ದುಃಖಪಡೋಣ ಎಂದರು ಹಿಂದಿಯಲ್ಲಿ. ನ್ಯೂ ಟೌನ್‌ನಲ್ಲಿ ನಮ್ಮ ಧಾರವಾಡದ ಹುಡುಗಿಯೊಬ್ಬಳು ಅಜ್ಜಿಯನ್ನು ಕಳೆದುಕೊಂಡಿದ್ದಳು. ಕಿವಿಯ ಇಯರ್‌ಫೋನ್ ತೆಗೆಯದೆಯೇ "ಐ ಆಮ್ ಫೈನ್, ಅಂಕಲ್" ಎಂದು ಚಹಾ ಕೊಟ್ಟು ಕಳಿಸಿದಳು. ಮನೆಗೆ ಬಂದು ಬೂಟು ಕಿತ್ತೆಸೆದು, "ಇಷ್ಟ ದೊಡ್ಡ ಊರಾಗ ದುಃಖ ಇರೋ ಒಬ್ಬ ಮನುಷ್ಯಾ ಸಿಗವಲ್ಲನಲ್ಲ!" ಎಂದು ಕೂಗಾಡಿದೆ.

ಇವಳು ಈಳಿಗೆಮಣೆಯಲ್ಲಿ ಪಟೋಲ್ ಕಾಯಿ ಹೆಚ್ಚುತ್ತಿದ್ದಳು. ತಲೆಯೆತ್ತಲಿಲ್ಲ. "ಸಮುವೇಲ ಹೋಗಿ ಆರ ತಿಂಗಳಾತ್ರಿ. ನಾ ಮನ್ಯಾಗ ಅದೀನಿ."

ಕಿತ್ತೆಸೆದ ಬೂಟುಗಳನ್ನು ಎತ್ತಿ ಮೂಲೆಗಿಟ್ಟೆ. "ಬರ್ರಿ, ಕೂಡ್ರಿ. ಸಹಿ ಮಾಡ್ತೀನಿ. ಆದ್ರ ಪೂರಾ ಒಂದ ತಾಸು," ಎಂದಳು. ಕೂತೆ. ಸ್ವಲ್ಪ ಹೊತ್ತಿಗೆ ಅತ್ತಳು. ಆರು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ದಿನವೂ ಅಳುತ್ತಿದ್ದಳೇನೋ, ನಾನು ಪಕ್ಕದ ಕೋಣೆಯಲ್ಲಿ ಸಾಂತ್ವನ ಬರೆಯುತ್ತಿದ್ದೆ. "ಅವನಿಗೇ ಯಾಕ್ರಿ ಹಿಂಗಾತು?" ಎಂದು ಗೋಡೆಯನ್ನು ಕೇಳಿದಳು. ಗೋಡೆ ಸುಮ್ಮನಿತ್ತು. ನಾನು ಮಾತ್ರ ಮೂರು ಕಾರಣ ಕೊಟ್ಟೆ, ಒಂದನ್ನು ಗ್ರೀಕ್ ಶಬ್ದದ ಸಮೇತ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಈಳಿಗೆಮಣೆಯತ್ತ ತಿರುಗಿದಳು.

ಫಾರಂನಲ್ಲಿ ಹೀಗೆ ಬರೆದಿದ್ದಾಳೆ: 'ಹದಿನಾಲ್ಕು ನಿಮಿಷ ಚಲೋ ಕೂತಿದ್ದರು.' ಅದನ್ನಿನ್ನೂ ಕಳಿಸಿಲ್ಲ. ಈಗ ದಿನಾ ಸಂಜೆ ಅವಳ ಪಕ್ಕ ಕೂರುತ್ತೇನೆ. ನಿನ್ನೆ ಇಪ್ಪತ್ತೆರಡು ನಿಮಿಷ ತೆಪ್ಪಗಿದ್ದೆ. ಇಪ್ಪತ್ತಮೂರನೆಯದರಲ್ಲಿ ತಡೆಯಲಾರದೆ, ಅದನ್ನೇ ಅವಳಿಗೆ ಹೇಳಿಬಿಟ್ಟೆ.